ಅಂಗಡಿ ಬಾಯಿ ನನ್ನ ಕೈಗೆ ಕೊಟ್ಟ ಬಾಲಯೇಸು

ಇದನ್ನು ಹೇಳಬೇಕೆಂದು ಪ್ರತಿ ಕ್ರಿಸ್ಮಸ್‌ಗೂ ಅಂದುಕೊಳ್ಳುತ್ತೇನೆ, ಮುಂದೆ ಹಾಕುತ್ತೇನೆ. ಈಗ ಎಪ್ಪತ್ತು ದಾಟಿತು.

ನಾವು ಚಿಕ್ಕವರಿದ್ದಾಗ ಮಡಂತ್ಯಾರಿನಲ್ಲಿ ಹಬ್ಬದ ಉಡುಗೊರೆಗೆ ಇದ್ದದ್ದು ಒಂದೇ ಅಂಗಡಿ. ನಡೆಸುತ್ತಿದ್ದವರು ಒಬ್ಬ ವಿಧವೆ. ಊರಿಗೆಲ್ಲ ಅವರು ಅಂಗಡಿ ಬಾಯಿ. ಡಿಸೆಂಬರಿನಲ್ಲಿ ಅಲ್ಲಿ ಮೇಣದ ಬತ್ತಿಯದ್ದೂ ಬಣ್ಣದ ಕಾಗದದ್ದೂ ಸೇರಿ ಒಂದು ವಾಸನೆ. ಅವರದ್ದೊಂದು ಕ್ರಮವಿತ್ತು. ಒಡೆಯುವ ಸಾಮಾನನ್ನು ಕಟ್ಟುವ ಮೊದಲು ಜೊತೆಗೆ ಬಂದ ಮಗುವಿನ ಕೈಗೆ ಕೊಡುವರು.

"ನೋಡು ಮಗಾ, ಎಲ್ಲಿಯಾದರೂ ಬಿರುಕು ಉಂಟಾ? ದೊಡ್ಡವರಿಗೆ ಕ್ರಯ ಮಾತ್ರ ಕಾಣುವುದು."

ಮಗು ಸರಿ ಉಂಟು ಅಂದ ಮೇಲೆಯೇ ಕಾಗದ ಸುತ್ತುವುದು.

ಆ ವರ್ಷ ಅಕ್ಕ ಮದುವೆಯಾಗಿ ಮೂಡುಬಿದಿರೆಗೆ ಹೋಗಿದ್ದಳು. ಕ್ರಿಸ್ಮಸ್ಸಿಗೆ ಹಂಚುವ ಕುಸ್ವಾರಿನ ತಿಂಡಿಗಳ ಜೊತೆ ಅವಳ ಅತ್ತೆ ಮನೆಗೆ ಕಳಿಸಲು ಅಮ್ಮ ಪಿಂಗಾಣಿಯ ಬಾಲಯೇಸುವನ್ನು ಆರಿಸಿ, "ಕಟ್ಟಿಸಿಕೊಂಡು ಬಾ" ಎಂದು ಪಕ್ಕದ ಅಂಗಡಿಗೆ ಮೈದಾ ತರಲು ಹೋದಳು. ನಾನು ತಿರುಗಿಸಿ ನೋಡಿ ಸರಿ ಉಂಟು ಅಂದೆ. ಹೊರಗೆ ಬಂದವನಿಗೆ ಇನ್ನೊಮ್ಮೆ ನೋಡುವ ಅನ್ನಿಸಿತು. ಬಿಚ್ಚಿದೆ, ಜಾರಿತು, ಬಾಲಯೇಸುವಿನ ಒಂದು ಕೈ ಮುರಿಯಿತು. ಮೂರ್ತಿ, ಮುರಿದ ಕೈ ಎರಡನ್ನೂ ಒಳಗಿಟ್ಟು ಮೊದಲಿನ ಹಾಗೆಯೇ ದಾರ ಕಟ್ಟಿದೆ.

ಅಕ್ಕನ ಅತ್ತೆ ಅದನ್ನು ನೆಂಟರ ಎದುರು ಬಿಚ್ಚಿದರಂತೆ. ಮುಂದಿನ ಭಾನುವಾರ ಪೂಜೆ ಮುಗಿದು ಜನ ಇಗರ್ಜಿಯ ಅಂಗಳಕ್ಕೆ ಇಳಿಯುವಾಗ ಅಮ್ಮ ಅಂಗಡಿ ಬಾಯಿಯನ್ನು ತಡೆದಳು.

"ಮುರಿದದ್ದನ್ನು ದಾಟಿಸ್ಲಿಕ್ಕೆ ನಾವೇ ಸಿಕ್ಕಿದ್ದಾ ನಿಮಗೆ? ಅಲ್ಲಿ ನನ್ನ ಮಗಳು ತಲೆ ಎತ್ತುವ ಹಾಗಿಲ್ಲ!"

ಅವರು ನಕ್ಕರು. "ನನ್ನನ್ನು ಯಾಕೆ ಕೇಳ್ತೀರಿ ಮಾರಾಯ್ರೇ, ನಿಮ್ಮ ಮಗನೇ ನೋಡಿದ್ದಾನಲ್ಲ. ಹೇಳು ಮಗಾ."

"ನನ್ನ ಕೈಗೆ ಕೊಡ್ಲೇ ಇಲ್ಲ," ಅಂದೆ.

ಯಾರೋ ಹಿಂದಿನಿಂದ, "ಮಕ್ಕಳು ಸುಳ್ಳು ಹೇಳ್ತಾವಾ?" ಅಂದರು. ಅಂಗಡಿ ಬಾಯಿ ನನ್ನನ್ನು ನೋಡಿದರು. ಆಮೇಲೆ, "ಹಾಗಾದರೆ ನಾನೇ ಮರೆತಿರಬೇಕು," ಎಂದು ತಲೆಯ ಮೇಲಿನ ಸೆರಗು ಎಳೆದುಕೊಂಡು ನಡೆದುಬಿಟ್ಟರು.

ಮರುವರ್ಷ ಜನ ಉಡುಗೊರೆಗೆ ಬಂಟ್ವಾಳದ ಬಸ್ಸು ಹತ್ತಿದರು. ಅದರ ಮುಂದಿನ ಹಬ್ಬಕ್ಕೆ ಅಂಗಡಿಯೇ ಇರಲಿಲ್ಲ. ಅವರು ಮಾಣಿಯಲ್ಲಿ ತಮ್ಮನ ಮನೆ ಸೇರಿದ್ದರು. ಇನ್ನೂ ಇಪ್ಪತ್ತು ವರ್ಷ ಅಲ್ಲಿಯೇ ಬದುಕಿದ್ದರು. ನನ್ನ ಬಸ್ಸು ಎಷ್ಟು ಸಲ ಮಾಣಿಯಲ್ಲಿ ನಿಂತಿತೋ, ನಾನು ಇಳಿಯಲಿಲ್ಲ. ಒಮ್ಮೆ ಪಾಪನಿವೇದನೆಯಲ್ಲಿ ಹೇಳಿದೆ. "ಅವರಲ್ಲಿಗೆ ಹೋಗಿ ಕ್ಷಮೆ ಕೇಳಿದ್ದೀಯಾ?" ಎಂದರು ಪಾದ್ರಿಗಳು. ಕೇಳಿದ್ದೇನೆ ಅಂದೆ.

ಈಗ ಮೊಮ್ಮಕ್ಕಳ ಉಡುಗೊರೆಗಳು ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೇ ಬರುತ್ತವೆ. ಮಗುವಿನ ಮಾತನ್ನು ನಂಬಿ ವ್ಯಾಪಾರ ಮಾಡುವ ಅಂಗಡಿ ನಮ್ಮ ಕಡೆ ಒಂದೂ ಉಳಿದಿಲ್ಲ. ಇದ್ದ ಒಂದನ್ನು ಮುಚ್ಚಿಸಿದವನು ನಾನು. ಊರು ಅವರನ್ನು ಮರೆತಿದೆ, ಹೆಸರು ಗೊತ್ತಿದ್ದವರೂ ಹೋಗಿಯಾಯಿತು. ನನಗೆ ಗೊತ್ತುಂಟು.

ಸೆವ್ರಿನ್ ಬಾಯಿ.