ನಾನು ಹೊಡೆದುಹಾಕಿದ ತಂತಿ ವಿಳಾಸ

ಮೊಮ್ಮಗಳು ಕಾಫಿಪುಡಿ ಮಾರಲೆಂದು ಇಂಟರ್ನೆಟ್ಟಿನಲ್ಲಿ ಒಂದು ಹೆಸರು ತೆಗೆದುಕೊಂಡಿದ್ದಾಳೆ. ಮೊನ್ನೆ ಆ ಹೆಸರು ಕೊಡುವ ಕಂಪನಿಯಿಂದ ಅವಳಿಗೆ ಎಚ್ಚರಿಕೆ ಬಂತು: ಗಡುವಿನೊಳಗೆ ನವೀಕರಿಸದಿದ್ದರೆ ಹೆಸರು ಬೇರೆಯವರ ಪಾಲಾಗುತ್ತದೆ. "ಇವ್ರಿಗೆ ಎಷ್ಟು ಕೊಬ್ಬು ನೋಡಜ್ಜ" ಎಂದಳು. ಆ ಕೊಬ್ಬು ನನಗೂ ಇತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಆಲ್ದೂರಿನಿಂದಾಚೆ, ಹೆಸರು ಹೇಳಲು ಮನಸ್ಸಾಗದ ಒಂದು ಪುಟ್ಟ ಊರಿನ ಅಂಚೆ ಕಚೇರಿ. ಅಲ್ಲಿ ಪೋಸ್ಟ್ ಮಾಸ್ತರನೂ ನಾನೇ, ತಂತಿ ಯಂತ್ರ ಕುಟ್ಟುವವನೂ ನಾನೇ. ತಂತಿ, ಅಂದರೆ ಟೆಲಿಗ್ರಾಂ, ಕಳಿಸುವವರು ಪದಕ್ಕಿಷ್ಟು ಎಂದು ಕೊಡಬೇಕಿತ್ತಲ್ಲ, ಅದಕ್ಕೇ ಎಸ್ಟೇಟಿನವರು, ವ್ಯಾಪಾರಿಗಳು ಉದ್ದದ ವಿಳಾಸದ ಬದಲು ಒಂದೇ ಒಂದು ಪದವನ್ನು ನಮ್ಮಲ್ಲಿ ನೋಂದಾಯಿಸಿಕೊಳ್ಳುತ್ತಿದ್ದರು. ಆ ಪದ, ಪಕ್ಕದಲ್ಲಿ ಊರಿನ ಹೆಸರು, ಅಷ್ಟು ಬರೆದರೆ ತಂತಿ ಅವರ ಬಾಗಿಲಿಗೆ ಬರುತ್ತಿತ್ತು. ಒಂದು ಪದ ಒಬ್ಬರಿಗೇ. ವರ್ಷಕ್ಕೊಮ್ಮೆ ಬಂದು ಸಹಿ ಹಾಕಿ ನವೀಕರಿಸಬೇಕು. ಆ ರಿಜಿಸ್ಟರು ಕೈಯಲ್ಲಿದ್ದರೆ ನನಗೆ ನಾನೇ ದೊಡ್ಡ ಮನುಷ್ಯ.

ಬಸ್ ಸ್ಟ್ಯಾಂಡಿನ ಎದುರು ಏಲಕ್ಕಿ, ಮೆಣಸಿನ ವ್ಯಾಪಾರದ ಒಬ್ಬ ಸಾಹೇಬರಿದ್ದರು. ಅವರದೂ ಒಂದು ಪದವಿತ್ತು. ಆದರೆ ಅದು ಅವರಿಗಿಂತ ಹೆಚ್ಚಾಗಿ ಬೇಕಾಗುತ್ತಿದ್ದದ್ದು ಸುತ್ತಲಿನ ತೋಟಗಳ ಲೈನ್ ಮನೆಗಳಲ್ಲಿದ್ದ ಕೂಲಿಯವರಿಗೆ. ಕುದುರೆಮುಖಕ್ಕೋ ಮಂಗಳೂರಿಗೋ ಕೆಲಸಕ್ಕೆ ಹೊರಟ ಮಕ್ಕಳಿಗೆ ತಾಯಂದಿರು ಆ ಪದವನ್ನು ಬಾಯಿಪಾಠ ಮಾಡಿಸಿ ಕಳಿಸುತ್ತಿದ್ದರು. ತಂತಿ ಬಂದರೆ ಸಾಹೇಬರು ಯಾವ ತೋಟ, ಯಾರ ತಾಯಿ ಎಂದು ನೋಡಿ, ಆ ಕಡೆ ಹೊರಟ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಸಂಜೆಯೊಳಗೆ ಲೈನಿಗೆ ಮುಟ್ಟುತ್ತಿತ್ತು.

ಆ ವರ್ಷ ನವೀಕರಿಸುವ ಹೊತ್ತಿಗೆ ಸಾಹೇಬರು ಕಣ್ಣಿನ ಆಪರೇಷನ್ನಿಗೆಂದು ಮಂಗಳೂರಿಗೆ ಹೋದರು. ಹೋಗುವಾಗ ನಮ್ಮ ಪೋಸ್ಟ್‌ಮ್ಯಾನನಿಗೆ, "ನನ್ ವಿಳಾಸ ಹಂಗೇ ಇರ್ಲಿ ಅಂತ ಪೋಸ್ಟ್ ಮೇಷ್ಟ್ರಿಗೆ ಹೇಳು ಮಾರಾಯ" ಎಂದಿದ್ದರಂತೆ. ನನಗಿಂತ ಮೊದಲಿದ್ದವರಿಗೆ ಅಷ್ಟು ಸಾಕಿತ್ತು. ಆ ಊರಿನಲ್ಲಿ ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ನನಗೆ ಮಾತ್ರ ಮೈ ಉರಿಯಿತು. "ಬಾಯಲ್ಲಿ ಹೇಳಿ ಕಳ್ಸೋಕೆ ಇದೇನು ಮದುವೆ ಊಟಾನಾ? ಸಹಿ ಇಲ್ಲ ಅಂದ್ರೆ ಇಲ್ಲ" ಎಂದು, ಗಡುವು ಮುಗಿದ ದಿನವೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಅದೇ ವಾರ, ಹೊಸದಾಗಿ ತೋಟ ಕೊಂಡವರೊಬ್ಬರು ಚಿಕ್ಕದೊಂದು ಪದ ಬೇಕೆಂದು ಬಂದರು. ಅದನ್ನೇ ಕೊಟ್ಟೆ.

ಸಾಹೇಬರು ಕಣ್ಣಿನ ಪಟ್ಟಿಯಲ್ಲೇ ಬಂದರು. "ನನ್ ವ್ಯಾಪಾರ ಹಾಳಾಗ್ಲಿ ಮೇಷ್ಟ್ರೇ. ಲೈನಿನೋರ ಮಕ್ಳಿಗೆ ಅದೊಂದು ಬಿಟ್ರೆ ಬೇರೆ ವಿಳಾಸ ಗೊತ್ತಿಲ್ಲ. ಎಲ್ಲೆಲ್ಲೋ ಇದಾರೆ ಅವ್ರು. ಯಾರು ಹೋಗಿ ಹೇಳ್ತಾರೆ?" ಎಂದರು. ನಾನು ನಿಯಮದ ಪುಸ್ತಕ ತೆಗೆದು ಓದಿಕೊಳ್ಳಿ ಎಂದು ಅವರ ಮುಂದಿಟ್ಟೆ. ಪಟ್ಟಿ ಕಟ್ಟಿದ ಕಣ್ಣಿನವರ ಮುಂದೆ! ಥೂ, ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮಳೆ ಹಿಡಿದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಮಂಗಳೂರಿನಿಂದ ತಂತಿ ಬಂತು. ವಿಳಾಸಕ್ಕೆ ಅದೇ ಪದ. ಒಳಗೆ ಒಂದು ತೋಟದ ಹೆಸರು, ಒಬ್ಬ ಹೆಂಗಸಿನ ಹೆಸರು. ಮಗ ಆಸ್ಪತ್ರೆಯಲ್ಲಿದ್ದಾನೆ, ಅವ್ವ ಕೂಡಲೇ ಬರಬೇಕು. "ಸಾರ್, ಇದು ಸಾಹೇಬ್ರ ಅಂಗಡಿಗೆ ಬಂದಿದ್ದು. ಈಗ್ಲೇ ಬಸ್ಸಿಗೆ ಕೊಟ್ರೆ ಮಧ್ಯಾಹ್ನಕ್ಕೆ ಮುಟ್ಟತ್ತೆ" ಎಂದ ಪೋಸ್ಟ್‌ಮ್ಯಾನ್. ನನಗೂ ಗೊತ್ತಿತ್ತು. ದೇವರಾಣೆಗೂ ಗೊತ್ತಿತ್ತು. ಆದರೆ ಇವನು ಯಾರು ನನಗೆ ಹೇಳಿಕೊಡಲು ಎನ್ನಿಸಿತು. "ರಿಜಿಸ್ಟರಲ್ಲಿ ಯಾರಿದಾರೋ ಅವ್ರಿಗೆ ಕೊಡು. ಅಧಿಕಪ್ರಸಂಗ ಬೇಡ" ಎಂದೆ.

ಹೊಸ ತೋಟದವರು ಇರುತ್ತಿದ್ದುದು ಚಿಕ್ಕಮಗಳೂರಿನಲ್ಲಿ. ತೋಟಕ್ಕೆ ಬರುತ್ತಿದ್ದುದು ಭಾನುವಾರ. ಸಾಹುಕಾರರ ತಂತಿ ತಾನು ಒಡೆಯಬಾರದೆಂದು ತೋಟದ ಲೆಕ್ಕ ಬರೆಯುವ ಅವರ ರೈಟರು ಅದನ್ನು ಬಂಗಲೆಯ ಮೇಜಿನ ಮೇಲಿಟ್ಟ. ಭಾನುವಾರ ಅವರು ಒಡೆದು ನೋಡಿ, ಗಾಬರಿಯಾಗಿ, ತಾವೇ ಜೀಪಿನಲ್ಲಿ ಲೈನಿಗೆ ಕಳಿಸಿದರು. ಆ ಹುಡುಗ ಕಾಮಾಲೆಯಲ್ಲಿ ಶನಿವಾರವೇ ತೀರಿಕೊಂಡಿದ್ದ. ಜೊತೆಯವರು ಅಲ್ಲೇ ಮಣ್ಣು ಮಾಡಿದ್ದರು.

ತಿಂಗಳಾದ ಮೇಲೆ ಅವನ ತಾಯಿ ಕಚೇರಿಗೆ ಬಂದಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ತಂತಿಯನ್ನು ಕೌಂಟರಿನ ಮೇಲಿಟ್ಟಳು.

"ಓದಕ್ಕೆ ಬರಲ್ಲ ಸ್ವಾಮಿ. ಸತ್ರೂನೂ ಆಸ್ಪತ್ರೇಲಿದಾನೆ ಅಂತ್ಲೇ ತಂತಿ ಕೊಡ್ತಾರಂತೆ. ಇದು ಅವ್ನು ಇರೋವಾಗ ಕಳ್ಸಿದ್ದಾ, ಹೋದ್ಮೇಲೆ ಯಾರಾದ್ರೂ ಕಳ್ಸಿದ್ದಾ? ಕೆಲ್ಸಕ್ಕೆ ಹೋಗ್ಬೇಡ ಅಂತ ಜಗಳ ಮಾಡಿ, ಮುಖ ನೋಡ್ದೇ ಕಳ್ಸಿದ್ದೆ. ಅದ್ಕೆ ನನ್ನ ಕರೀಲೇ ಇಲ್ಲ ಅಂದ್ಕಂಡಿದೀನಿ."

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. "ಇರುವಾಗಲೇ ಕಳಿಸಿದ್ದಮ್ಮ. ಮಂಗಳವಾರವೇ ಬಂದಿತ್ತು. ನಿಮ್ಮದೇ ಅಂತ ಗೊತ್ತಿದ್ದೂ ನಾನು ಬೇರೆಯವರಿಗೆ ಕೊಡಿಸಿದೆ" ಎಂದೆ.

ಅವಳು ನನ್ನ ತಪ್ಪನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಕರ್ದಿದ್ನಾ? ನನ್ನೇ ಕರ್ದಿದ್ನಾ?" ಎಂದಳು. ಮುಖ ಅರಳಿತು. ಕಾಗದವನ್ನು ಕಣ್ಣಿಗೊತ್ತಿಕೊಂಡು ಮೆಟ್ಟಿಲವರೆಗೆ ಹೋದಳು. ಅಲ್ಲಿ ನಿಂತಳು.

"ಮಂಗಳವಾರ," ಎಂದಳು, ತನಗೆ ತಾನೇ. ಆಮೇಲೆ ನನ್ನ ಕಡೆ ತಿರುಗಿದಳು. "ಹಂಗಾರೆ ಶನಿವಾರದವರ್ಗೂ ಬಾಗ್ಲು ನೋಡ್ತಾ ಮಲ್ಗಿರ್ತಾನೆ. ಅವ್ವಂಗೆ ಇನ್ನೂ ಸಿಟ್ಟು ಹೋಗಿಲ್ಲ ಅಂದ್ಕಂಡೇ ಹೋದ ಅಲ್ವಾ ಸ್ವಾಮಿ?"