ಕೆಲಸಕ್ಕೆ ಬಾರದ ಐದು ಜೀವ

ಕೊತ್ತಂಬರಿ ಸೊಪ್ಪಿನ ಕಟ್ಟನ್ನು ನೀರಿನಲ್ಲಿ ಅದ್ದಿ ಎರಡು ಸಲ ಜೋರಾಗಿ ಕೊಡವಿದರೆ ಒಂದು ಸದ್ದು ಬರುತ್ತದೆ. ಅದನ್ನು ಸದ್ದು ಎನ್ನುವುದೂ ಹೆಚ್ಚೇ. ಒದ್ದೆ ಎಲೆಗಳು ಒಂದಕ್ಕೊಂದು ತಾಗುವ ಸಣ್ಣ ಸಪ್ಪಳ, ಅಷ್ಟೆ. ದಾವಣಗೆರೆಯ ಈ ಬಾಡಿಗೆ ಕೋಣೆಯಲ್ಲಿ ಸಂಜೆ ಅಡುಗೆಗೆ ನಿಂತಾಗ ಅದು ಕೇಳಿದೊಡನೆ ನನ್ನ ಕಿವಿ ತಾನಾಗಿ ಹಿತ್ತಲ ಕಡೆ ತಿರುಗುತ್ತದೆ. ಈ ಕೋಣೆಗೆ ಹಿತ್ತಲಿಲ್ಲ. ಹಿತ್ತಲಿದ್ದದ್ದು ಜಗಳೂರಿನ ಅಜ್ಜನ ಮನೆಗೆ. ಅಲ್ಲಿ ಯಾರು ಸೊಪ್ಪು ಕೊಡವಿದರೂ ಎರಡು ಗೋಡೆಗಳ ಆಚೆಯಿಂದ ಐದು ಗಂಟಲುಗಳು ಒಟ್ಟಿಗೆ ಕೂಗುತ್ತಿದ್ದವು. ಎಣ್ಣೆ ಕಾಣದ ಬಾಗಿಲ ಕೀಲಿನಂತೆ ಶುರುವಾಗಿ ಸೀಟಿಯಂತೆ ಮೇಲೇರುವ ಕೂಗು. ಅವು ನನ್ನ ಸೋದರತ್ತೆ ಗೌರತ್ತೆ ಸಾಕಿದ್ದ ಗಿನಿಪಿಗ್‌ಗಳು. ನಮ್ಮ ನೆಂಟರು ಗೌರತ್ತೆಯ ಬದುಕನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ: ಮಕ್ಕಳಿರಲಿಲ್ಲ ಪಾಪ, ಅದಕ್ಕೇ ಇಲಿ ಸಾಕಿಕೊಂಡಿದ್ದಳು. ಆ ವಾಕ್ಯವನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಒಂದು ವಾಕ್ಯದಲ್ಲಿ ಮುಗಿಸಿಬಿಟ್ಟ ಹೆಂಗಸೊಬ್ಬಳು ಇದ್ದಿರಬಹುದು. ಇದ್ದಿದ್ದರೆ, ಉಳಿದದ್ದನ್ನು ಹೇಳಬೇಕೆಂಬ ನನ್ನ ಹಟ ನಿಮಗೆ ಅರ್ಥವಾದೀತು.

ಅವಳು ತವರಿಗೆ ಮರಳಿದಾಗ ನನಗೆ ಏಳು ವರ್ಷ. ಅವಳ ಗಂಡ ದಾವಣಗೆರೆಯ ಒಂದು ಪ್ರಯೋಗಾಲಯದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ. ಜ್ವರ ಬಂದು ಹದಿನೈದು ದಿನದಲ್ಲಿ ತೀರಿಕೊಂಡ. ಮಧ್ಯಾಹ್ನದ ಬಸ್ಸಿನಿಂದ ಇಳಿದ ಅತ್ತೆಯ ಒಂದು ಕೈಯಲ್ಲಿ ತಗಡಿನ ಟ್ರಂಕು, ಇನ್ನೊಂದರಲ್ಲಿ ಹಳೆಯ ಸೀರೆ ಹೊದಿಸಿದ ಬಿದಿರಿನ ಬುಟ್ಟಿ. ಆ ಬುಟ್ಟಿಯಲ್ಲಿ ಎರಡು ಗಿನಿಪಿಗ್‌ಗಳಿದ್ದವು. ಪ್ರಯೋಗಾಲಯದಲ್ಲಿ ಹೆಚ್ಚಾಗಿದ್ದವೆಂದು ಮಾವ ಅವನ್ನು ಎಂದೋ ಮನೆಗೆ ತಂದಿದ್ದನಂತೆ. ನೀರು ತರಲು ಹೊರಟಿದ್ದ ಪಕ್ಕದ ಮನೆಯ ಬಸಮ್ಮ ಕೊಡವನ್ನು ಅಲ್ಲೇ ಇಳಿಸಿ, ಸೀರೆ ಸರಿಸಿ ಇಣುಕಿದಳು.

"ಏನ್ರೀ ಗೌರಮ್ಮ ಇವು, ಮೊಲಾನಾ? ಕಿವಿ ಯಾರ್ ಕತ್ತರಿಸಿದ್ರು?"

"ಮೊಲ ಅಲ್ರೀ. ಗಿನಿಪಿಗ್ ಅಂತಾರೆ."

"ಹಾಲು ಕೊಡ್ತಾವಾ?"

"ಇಲ್ಲ."

"ಮನೆ ಕಾಯ್ತಾವಾ?"

"ಅವೇ ಅಂಜ್ತಾವೆ."

"ಮತ್ತೇನ್ ಮಾಡ್ತಾವ್ರೀ?"

"ತಿಂತಾವೆ, ಕೂಗ್ತಾವೆ, ಮಲಗ್ತಾವೆ."

"ನಮ್ಮನೆಯವ್ರೂ ಅಷ್ಟೇ ಬಿಡ್ರಿ," ಎಂದು ಬಸಮ್ಮ ಕೊಡ ಎತ್ತಿಕೊಂಡು ಹೋದಳು. ಗಂಡ ಸತ್ತ ಮೇಲೆ ಅತ್ತೆ ನಕ್ಕದ್ದು ಅವತ್ತೇ ಮೊದಲಿರಬೇಕು. ಅದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಜಗಲಿಯ ಮೇಲಿದ್ದ ಹೆಂಗಸರಿಗೆ ಆ ನಗು ಸರಿಬೀಳಲಿಲ್ಲ.

ಚಹಾಪುಡಿ ತುಂಬಿ ಬರುತ್ತಿದ್ದ ಪ್ಲೈವುಡ್ ಪೆಟ್ಟಿಗೆಯೊಂದನ್ನು ಅತ್ತೆ ಹಿತ್ತಲ ಬೇವಿನ ನೆರಳಿಗೆ ಅಡ್ಡ ಮಲಗಿಸಿ, ಮುಂದೆ ತಂತಿ ಬಲೆ ಹೊಡೆದಳು. ಕಂದು ಬಣ್ಣದ್ದಕ್ಕೆ ಬೆಲ್ಲ ಎಂದೂ ಬಿಳಿಯದಕ್ಕೆ ಸುಣ್ಣ ಎಂದೂ ನಾನು ಹೆಸರಿಟ್ಟೆ. ಸುಣ್ಣ ಬರುವಾಗಲೇ ಗಬ್ಬವಾಗಿತ್ತು. ತಿಂಗಳೊಪ್ಪತ್ತಿನಲ್ಲಿ ಮೂರು ಮರಿ ಹಾಕಿತು. ಇಲಿಮರಿಯ ಹಾಗೆ ಬೆತ್ತಲೆ, ಕುರುಡು ಮರಿಗಳಲ್ಲ. ಮೈತುಂಬ ಕೂದಲು, ತೆರೆದ ಕಣ್ಣು, ಹುಟ್ಟಿದ ದಿನವೇ ಓಡಾಟ. ಅವುಗಳಲ್ಲಿ ಕಪ್ಪನೆಯದು ಮಸಿ. ಅತ್ತೆ ಗಂಡುಹೆಣ್ಣು ಗುರುತಿಸಿ ಪೆಟ್ಟಿಗೆಯ ನಡುವೆ ಹಲಗೆ ಹಾಕಿದಳು. ಐದಕ್ಕಿಂತ ಹೆಚ್ಚು ಬೇಡ ಎಂದಳು. ಹೆಚ್ಚಾದರೆ ಯಾರಿಗಾದರೂ ಕೊಡಬೇಕಾಗುತ್ತದೆ, ಕೊಟ್ಟಲ್ಲಿ ಏನಾಗುತ್ತದೋ ಎಂಬುದು ಅವಳ ಮಾತು. ಅವು ಕಚ್ಚುವುದಿಲ್ಲ, ಹತ್ತುವುದಿಲ್ಲ, ಕರೆದರೆ ನಾಯಿಯಂತೆ ಬರುವುದೂ ಇಲ್ಲ. ಹದ್ದಿನ ನೆರಳು ಅಂಗಳದ ಮೇಲೆ ಹಾದರೆ ಕಲ್ಲಾಗಿ ನಿಲ್ಲುತ್ತವೆ. ತೊಡೆಯ ಮೇಲೆ ಕೂರಿಸಿಕೊಂಡು ಹಿಂಗತ್ತನ್ನು ಬೆರಳಿನಿಂದ ಸವರಿದರೆ ಹೊಟ್ಟೆಯೊಳಗಿಂದ ಗುರುಗುರು ಎನ್ನುತ್ತವೆ. ಮಳೆ ಬಿದ್ದ ಮರುದಿನ ಬೆಳಗಿನ ತಂಪಿಗೆ ಕಾರಣವಿಲ್ಲದೆ ನಿಂತಲ್ಲೇ ಹಾರುತ್ತವೆ, ಹುರಿಯುವ ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ. ಹಲ್ಲು ಬೆಳೆಯುತ್ತಲೇ ಇರುವುದರಿಂದ ಕಡಿಯಲು ಬೇವಿನ ಕಟ್ಟಿಗೆ ಬೇಕು. ಬೇಸಿಗೆಯಲ್ಲಿ ಪೆಟ್ಟಿಗೆಯ ಮೇಲೆ ಒದ್ದೆ ಗೋಣಿಚೀಲ ಹಾಕಬೇಕು. ಒಣ ಶೇಂಗಾ ಬಳ್ಳಿ ಎಷ್ಟಾದರೂ ತಿನ್ನಲಿ. ಎಳೆ ಜೋಳದ ಗರಿ ಮಾತ್ರ ಕೂಡದು, ದನಕ್ಕೇ ಆಗಿಬರುವುದಿಲ್ಲ ಅದು. ಇದೆಲ್ಲ ನನಗೆ ಈಗಲೂ ಬಾಯಿಪಾಠ.

ಬಾಯಿಪಾಠವಾದದ್ದು ಒಂದು ತಪ್ಪಿನಿಂದ. ಎರಡನೆಯ ಬೇಸಿಗೆಯಲ್ಲಿ ಅತ್ತೆ ಚನ್ನಗಿರಿಯ ನೆಂಟರ ಮನೆಗೆ ಬಾಣಂತನ ಮಾಡಲೆಂದು ಹೋಗಿ ಇಪ್ಪತ್ತು ದಿನ ನಿಂತಳು. ದಿನಾ ಹಸಿ ಗರಿಕೆಯೋ ನುಗ್ಗೆ ಸೊಪ್ಪೋ ಹಾಕು ಎಂದು ಹೇಳಿ ಹೋಗಿದ್ದಳು. ಜಗಳೂರಿನ ಆ ಬಿಸಿಲಲ್ಲಿ ಗರಿಕೆ ಸಿಗಬೇಕಾದರೆ ಸೇದುಬಾವಿಯ ಬಚ್ಚಲ ನೀರು ಹರಿಯುವಲ್ಲಿಗೆ ಹೋಗಬೇಕು. ನಾನು ಎರಡು ದಿನ ಹೋದೆ. ಆಮೇಲೆ ನುಚ್ಚು ಹಾಕಿದೆ, ಒಣ ಬಳ್ಳಿ ಹಾಕಿದೆ. ಹೊಟ್ಟೆ ತುಂಬಿದರೆ ಸಾಕಲ್ಲ ಎಂದುಕೊಂಡೆ. ಅತ್ತೆ ಬಂದಾಗ ಬೆಲ್ಲ ಹಿಂಗಾಲು ಎಳೆಯುತ್ತಿತ್ತು, ಮುಟ್ಟಿದರೆ ಅಳುತ್ತಿತ್ತು. ಅವಳು ನನ್ನನ್ನು ಬೈಯಲಿಲ್ಲ. ನೆಲ್ಲಿಕಾಯಿ ಒಣಗಿಸಿಟ್ಟದ್ದನ್ನು ನೆನೆಸಿ, ಕಿವುಚಿ, ಆ ನೀರನ್ನು ಬಟ್ಟೆಯ ಬತ್ತಿಯಿಂದ ಹನಿಹನಿಯಾಗಿ ಅದರ ಬಾಯಿಗೆ ಬಿಟ್ಟಳು. "ಹೊಟ್ಟೆ ತುಂಬೋದು ಬ್ಯಾರೆ, ಬದುಕೋದು ಬ್ಯಾರೆ. ಹಸಿರು ಇಲ್ದೆ ಇವು ಇರಾಕಿಲ್ಲ," ಎಂದಳು. ಬೆಲ್ಲ ಉಳಿಯಿತು. ಅಂದಿನಿಂದ ಸೊಪ್ಪು ತರುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ.

ಅಜ್ಜನದು ಹಗ್ಗದ ಅಂಗಡಿ. ಮಿಣಿ, ಕಣ್ಣಿ, ಮೂಗುದಾರ, ಬಾರುಕೋಲು. ಅವನು ಮಾರುತ್ತಿದ್ದುದೆಲ್ಲ ದುಡಿಯುವ ಪ್ರಾಣಿಗೆ ಸಂಬಂಧಿಸಿದ್ದು. ಮನೆಯಲ್ಲಿ ಜೋಡೆತ್ತು, ಒಂದು ಆಕಳು, ಒಂದು ನಾಯಿ. ಅಜ್ಜ ಬಹಳ ಮಾತಿನವನಲ್ಲ, ಆದರೆ ಅವನದೊಂದು ನೇಮವಿತ್ತು. ಮಧ್ಯಾಹ್ನ ಸ್ನಾನ, ಲಿಂಗಪೂಜೆ ಮುಗಿಸಿ ತಟ್ಟೆಯ ಮುಂದೆ ಕೂತವನು ರೊಟ್ಟಿ ಮುರಿಯುವ ಮೊದಲು ಕೇಳುತ್ತಿದ್ದ: "ಮನ್ಯಾಗಿನ ಜೀವಕ್ಕೆಲ್ಲಾ ಆತಾ?" ನನ್ನ ಅವ್ವ ಒಲೆಯ ಮುಂದಿನಿಂದ ಉತ್ತರಿಸುತ್ತಿದ್ದಳು: "ಎತ್ತಿಗೆ ಆತು, ಆಕಳಿಗೆ ಆತು, ನಾಯಿಗೆ ಆತು." ಆಮೇಲೇ ಅವನ ಊಟ. ಒಮ್ಮೆ ಆಕಳು ಕಣ್ಣಿ ಹರಿದುಕೊಂಡು ಸೊಕ್ಕೆ ಊರಿನ ದಾರಿ ಹಿಡಿದಿತ್ತು; ಅದನ್ನು ಹುಡುಕಿ ತಂದು ಮೇವು ಹಾಕುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅಲ್ಲಿಯವರೆಗೂ ಅಜ್ಜ ಉಂಡಿರಲಿಲ್ಲ. ಅಂಥ ಅಜ್ಜನ ನೇಮದಲ್ಲಿ, ಅವ್ವನ ಉತ್ತರದಲ್ಲಿ, ಹಿತ್ತಲ ಐದಕ್ಕೆ ಜಾಗವಿರಲಿಲ್ಲ. ಮೂರು ವರ್ಷ ಇರಲಿಲ್ಲ.

ನಾನು ಐದನೆಯ ತರಗತಿಯಲ್ಲಿದ್ದಾಗ ಹೈಸ್ಕೂಲಿಗೆ ಹೊಸ ಸೈನ್ಸ್ ಮೇಷ್ಟ್ರು ಬಂದರು. ಯಾರಿಂದಲೋ ಗಿನಿಪಿಗ್‌ಗಳ ವಿಷಯ ತಿಳಿದು ಅಂಗಡಿಗೇ ಹೋಗಿ ಅಜ್ಜನನ್ನು ಕೇಳಿದರಂತೆ. ಆ ಸಂಜೆ ಅಜ್ಜ ಮನೆಗೆ ಬಂದು, ಅಂಗಿ ಗೂಟಕ್ಕೆ ಹಾಕುತ್ತ, ಒಳ್ಳೆಯ ಸುದ್ದಿ ಹೇಳುವವನಂತೆ ಹೇಳಿದ.

"ಗೌರೀ, ನಿನ್ನ ಇಲೀನ ನಾಳೆ ಸಂಜೆ ಮೇಷ್ಟ್ರು ಒಯ್ತಾರೆ. ಮಕ್ಕಳ ಪ್ರಯೋಗಕ್ಕೆ ಬೇಕಂತೆ. ಇಷ್ಟು ದಿನ ಯಾವ ಕೆಲ್ಸಕ್ಕೂ ಬರ್ಲಿಲ್ಲ, ಈಗ ಒಂದ್ ಕೆಲ್ಸಕ್ಕೆ ಬಂದಂಗಾತು."

"ಪ್ರಯೋಗ ಅಂದ್ರೆ ಏನ್ ಮಾಡ್ತಾರೆ, ಕೇಳಿದ್ರಾ ಅಪ್ಪಾಜಿ?"

"ಕೇಳಲಿಲ್ಲ."

"ಹಲಗೆ ಮ್ಯಾಲೆ ಅಂಗಾತ ಮಲಗಿಸಿ, ನಾಕು ಕಾಲಿಗೂ ಮೊಳೆ ಹೊಡೆದು, ಹೊಟ್ಟೆ ಕೊಯ್ದು ತೋರಿಸ್ತಾರೆ. ನಿಮ್ಮ ಅಳಿಯ ದಿನಾ ಅದನ್ನ ನೋಡಿ ಬಂದು ಉಣ್ಣದೆ ಮಲಗೋರು."

ಅಜ್ಜ ಗೂಟಕ್ಕೆ ಹಾಕಿದ್ದ ಅಂಗಿಯನ್ನು ಮತ್ತೊಮ್ಮೆ ಸರಿಮಾಡಿದ. "ಮಾತು ಕೊಟ್ಟಾಗೈತೆ," ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ. ಕೊಟ್ಟ ಮಾತನ್ನು ಅಜ್ಜ ಹಿಂದೆ ತೆಗೆದುಕೊಂಡದ್ದನ್ನು ಜಗಳೂರಿನಲ್ಲಿ ಯಾರೂ ಕಂಡಿರಲಿಲ್ಲ. ಅತ್ತೆ ಅಳಲಿಲ್ಲ, ಅಳುತ್ತಾಳೆಂದು ಅವ್ವ ಕಾದಿದ್ದಳು.

ಮರುದಿನ ಭಾನುವಾರ. ನಾನೂ ಅತ್ತೆಯೂ ಬಾವಿಯ ಹತ್ತಿರ ಹೋಗಿ ಗರಿಕೆ ಕಿತ್ತೆವು, ದಿನಕ್ಕಿಂತ ಹೆಚ್ಚೇ ಕಿತ್ತೆವು. ತೊಳೆದು ತಂದದ್ದನ್ನು ಅವಳು ನನ್ನ ಮಡಿಲಿಗೆ ಹಾಕಿ ಹಿತ್ತಲ ಹೊಸ್ತಿಲ ಮೇಲೆ ಕೂರಿಸಿದಳು. "ನಾ ಹೇಳಾಗಂಟ ಒಂದ್ ಎಸಳೂ ಹಾಕಬ್ಯಾಡ," ಎಂದಳು. ಅವು ಹೊಟ್ಟೆ ಖಾಲಿ ಬಿಡಬಾರದ ಪ್ರಾಣಿಗಳು. ಅದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಪೆಟ್ಟಿಗೆಯ ಕಡೆ ನೋಡದೆ ಅವಳು ಬೆಳಗೆಲ್ಲ ಮುಸುರೆ ತಿಕ್ಕಿದಳು, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು. ಅವು ಕೂಗಿ ಕೂಗಿ ಸುಮ್ಮನಾದವು. ಅಜ್ಜ ಪೂಜೆ ಮುಗಿಸಿ ಬಂದು ಕೂತ. ಅವ್ವ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು. ಅಜ್ಜ ಕೇಳಿದ. ಅವ್ವ ಎಂದಿನಂತೆ, "ಎತ್ತಿಗೆ ಆತು, ಆಕಳಿಗೆ ಆತು, ನಾಯಿಗೆ ಆತು," ಎಂದಳು.

"ಇನ್ನಾ ಐದು ಉಂಡಿಲ್ಲ," ಎಂದಳು ಅತ್ತೆ, ನಡುಮನೆಯ ಬಾಗಿಲಲ್ಲಿ ನಿಂತು.

ರೊಟ್ಟಿಯ ಮೇಲಿದ್ದ ಅಜ್ಜನ ಕೈ ನಿಂತಿತು. "ಯಾಕೆ ಹಾಕಿಲ್ಲ?"

"ನಿಮ್ಮನ್ನ ಕೇಳಿ ಹಾಕಾನ ಅಂತ. ಅವು ಈ ಮನೇವು ಅನ್ರಿ, ಈಗಿಂದೀಗ ಹಾಕ್ತೀನಿ. ಈ ಮನೇವಲ್ಲ ಅನ್ನಂಗಿದ್ರೆ ಅವು ಉಪಾಸ ಇದ್ರೆ ನಿಮಗೇನು? ನೀವು ಉಣ್ರಿ."

"ಮೇಷ್ಟ್ರಿಗೆ ಮಾತು ಕೊಟ್ಟೀನಲ್ಲೇ."

"ಮನೇವನ್ನ ಕೊಡ್ತೀನಿ ಅಂತ ಕೊಟ್ರಾ?"

"ಹಾಲಿಲ್ಲ, ಗಾಡಿಗಿಲ್ಲ. ಅವನ್ನ ಇಟ್ಕಂಡು ಏನ್ ಮಾಡ್ತೀಯವ್ವಾ?"

"ನಾನೇನ್ ಹಾಲು ಕೊಡ್ತೀನಾ, ಗಾಡಿ ಎಳೀತೀನಾ ಅಪ್ಪಾಜಿ? ನಂಗೂ ದಿನಾ ಹಾಕ್ತೀರಲ್ಲ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಜ್ಜ ಕಣ್ಣೆತ್ತಲಿಲ್ಲ, ರೊಟ್ಟಿಯ ಮೇಲಿಂದ ಕೈಯನ್ನೂ ತೆಗೆಯಲಿಲ್ಲ. ಮುರಿದರೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಹಿತ್ತಲಲ್ಲಿ ಸದ್ದೇ ಇಲ್ಲ. ಸದ್ದಿಲ್ಲದಿದ್ದರೆ ಮುರಿಯುವುದು ಸುಲಭ ಎಂದು ಹತ್ತು ವರ್ಷದ ನನಗೆ ಹೇಗೆ ಹೊಳೆಯಿತೋ. ಮಡಿಲಲ್ಲಿದ್ದ ಒದ್ದೆ ಗರಿಕೆಯ ಕಟ್ಟನ್ನು ಎತ್ತಿ ಎರಡು ಸಲ ಕೊಡವಿದೆ. ಐದೂ ಒಟ್ಟಿಗೆ ಕೂಗಿದವು. ಆ ಮನೆಯ ಮಾಳಿಗೆ ತುಂಬುವ ಹಾಗೆ ಕೂಗಿದವು. ನಾನು ಬೇಕೆಂದೇ ಕೊಡವಿದೆ ಎಂಬುದನ್ನು ಈವರೆಗೆ ಯಾರಿಗೂ ಹೇಳಿಲ್ಲ, ಅತ್ತೆಗೂ.

"ಹಾಕ್ ಹೋಗು," ಎಂದ ಅಜ್ಜ.

ಹಾಕಿದೆ. ಅವು ತಿನ್ನುವ ಕರಕರ ಸದ್ದು ಕೇಳುವವರೆಗೂ ಅವನು ಕಾದ. "ತಿಂದ್ವಾ?" ಎಂದ. "ತಿಂತಾ ಅದಾವೆ ಅಜ್ಜಾ," ಎಂದೆ. ಆಮೇಲೆ ಆರಿಹೋದ ರೊಟ್ಟಿಯನ್ನು ಮುರಿದ. ಸಂಜೆ ಮೇಷ್ಟ್ರು ತಂತಿಯ ಪಂಜರ ಹಿಡಿದು ಬಂದಾಗ ಅಜ್ಜ ಜಗಲಿಯಿಂದ ಎದ್ದು ನಿಂತು, "ತಪ್ಪು ನಂದು ಮೇಷ್ಟ್ರೇ. ಬ್ಯಾರೆ ಏನೋ ಅಂತ ತಿಳ್ಕಂಡು ಮಾತು ಕೊಟ್ಟಿದ್ದೆ. ಅವು ನಮ್ಮನೇವು," ಎಂದ. ಬರಿಗೈಯಲ್ಲಿ ಕಳಿಸಬಾರದೆಂದು ಹೊಸ ಸೇದುಹಗ್ಗವೊಂದನ್ನು ಪಂಜರದೊಳಗೆ ಇಟ್ಟುಕೊಟ್ಟ. ಮೇಷ್ಟ್ರು ಹಗ್ಗವನ್ನೂ ಅಜ್ಜನನ್ನೂ ನೋಡಿ ನಕ್ಕು ಹೋದರು.

ಮರುದಿನದಿಂದ ಅವ್ವನ ಉತ್ತರ ಉದ್ದವಾಯಿತು: "ಎತ್ತಿಗೆ ಆತು, ಆಕಳಿಗೆ ಆತು, ನಾಯಿಗೆ ಆತು, ಐದಕ್ಕೂ ಆತು." ಗಿನಿಪಿಗ್‌ಗಳ ಆಯುಷ್ಯ ಐದಾರು ವರ್ಷ. ಮೊದಲು ಬೆಲ್ಲ ಹೋಯಿತು. ಐದಕ್ಕೂ ಎಂಬುದು ನಾಕಕ್ಕೂ ಆಯಿತು. ಆಮೇಲೆ ಮೂರಕ್ಕೂ. ಕೊನೆಗೆ ಮಸಿಯೊಂದೇ ಉಳಿದಾಗ ಅವ್ವ ಅದರ ಹೆಸರನ್ನೇ ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಅವಳು "ನಾಯಿಗೆ ಆತು" ಎಂಬಲ್ಲಿಗೆ ನಿಲ್ಲಿಸಿದಳು. ಅಜ್ಜ ತಲೆ ತಗ್ಗಿಸಿ, ಇನ್ನೊಂದು ಹೆಸರು ಬರುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ರೊಟ್ಟಿ ಮುರಿದ. ಅವನು ಬದುಕಿರುವಷ್ಟು ದಿನವೂ ಅಲ್ಲಿ ಅಷ್ಟು ಹೊತ್ತು ನಿಲ್ಲುತ್ತಿದ್ದ.

ಅಜ್ಜನ ನಂತರ ಮನೆ ಭಾಗವಾಯಿತು, ಬಿತ್ತು. ಬೇವಿನ ಮರವಿದ್ದಲ್ಲಿ ಈಗ ಯಾರದೋ ಸಿಮೆಂಟ್ ಚೀಲಗಳ ಅಟ್ಟಿಯಿದೆ. ಗೌರತ್ತೆ ಹೋದ ವರ್ಷ ತೀರಿಕೊಂಡಳು. ಮಣ್ಣು ಮಾಡಿ ಬಂದು ಊಟಕ್ಕೆ ಕೂತ ಸಾಲಿನಲ್ಲಿ ಹಿರಿಯರೊಬ್ಬರು ಆ ಹಳೆಯ ವಾಕ್ಯವನ್ನು ಹೇಳಿದರು, ಮಕ್ಕಳಿರಲಿಲ್ಲ ಪಾಪ ಎಂದು. ನಾಲ್ಕು ಜನರ ನಡುವೆ ಮಾತನಾಡುವ ಅಭ್ಯಾಸ ನನಗಿಲ್ಲ. ಆದರೂ, "ಹಂಗಲ್ರೀ. ಅವಳಿಗೆ ಅವು ಇಷ್ಟ ಇದ್ವು," ಎಂದೆ. ಕೈಗಳೆಲ್ಲ ಎಲೆಯ ಮೇಲೆ ನಿಂತವು. ಯಾರೋ, ಓದಿದ ಹುಡುಗಿ, ಎಂದರು. ಮನೆಯ ಜೀವಕ್ಕೆಲ್ಲ ಆಯಿತೇ ಎಂದು ಕೇಳುವವರು ಆ ಸಾಲಿನಲ್ಲಿ ಒಬ್ಬರೂ ಇರಲಿಲ್ಲ.

ಸೊಪ್ಪನ್ನು ಒಂದು ಸಲ ಕೊಡವಿದರೂ ನೀರು ಹೋಗುತ್ತದೆ. ನಾನು ಎರಡು ಸಲ ಕೊಡವುತ್ತೇನೆ. ಆಮೇಲೆ ಚಾಕು ಹಿಡಿದುಕೊಂಡು, ಐದು ಕೂಗು ಮುಗಿಯುವಷ್ಟು ಹೊತ್ತು ನಿಲ್ಲುತ್ತೇನೆ.