ಸಾವ್ತಾ ಕೇಳಿದ ಗುಡಿಸಲು

ಹೈಫಾದ ಮೂರನೇ ಮಹಡಿಯಲ್ಲಿ ಗಟ್ಟಿ ಮನೆಯಿದ್ದರೂ ಎಂಬತ್ತನಾಲ್ಕರ ಮುದುಕಿ "ನನಗೆ ಗುಡಿಸಲು ಬೇಕು" ಎಂದು ಊಟದ ತಟ್ಟೆ ದೂಡಿದಾಗ ನನಗೆ ಗಾಬರಿಯಾಯಿತು. ಅವರನ್ನು ನೋಡಿಕೊಳ್ಳುವ ಕೆಲಸಕ್ಕೆ ಕನ್ನಡ ಗಡಿಯ ಮಕ್ತಲ್ ಕಡೆಯಿಂದ ಬಂದು ಆಗ ಮೂರು ತಿಂಗಳು. ನಾನು ಅವರನ್ನು ಸಾವ್ತಾ ಎನ್ನುತ್ತೇನೆ. ಹೀಬ್ರೂವಿನಲ್ಲಿ ಅಜ್ಜಿ ಎಂದರ್ಥ.

ಸುಕ್ಕೋತ್ ಹಬ್ಬಕ್ಕೆ ಎರಡು ದಿನವಿತ್ತು. ಯಹೂದಿಗಳ ಹಿರಿಯರು ಈಜಿಪ್ತಿನ ಗುಲಾಮಗಿರಿಯಿಂದ ಬಿಡುಗಡೆಯಾಗಿ ಮರುಭೂಮಿಯಲ್ಲಿ ಅಲೆಯುವಾಗ ಗುಡಿಸಲಲ್ಲಿದ್ದರಂತೆ. ಆ ನೆನಪಿಗೆ ಏಳು ದಿನ ಸೊಪ್ಪಿನ ಮಾಡಿನ ಕೆಳಗೆ ಉಣ್ಣಬೇಕು, ಅದೂ ಸಂತೋಷದಿಂದ. ಆದರೆ ಸಾವ್ತಾ ಸೊಂಟ ಮುರಿದುಕೊಂಡಿದ್ದರು. ಅವರ ಮಗಳು "ಈ ವರ್ಷ ಬೇಡ" ಎಂದಿದ್ದರು.

ಅವ್ವನಿಗೆ ಫೋನ್ ಮಾಡಿದೆ.

"ಚಂದ ಮನಿ ಇಟ್ಕೊಂಡು ಗುಡಿಸಲದಾಗ ಯಾಕ ಉಣ್ತಾರ?"

"ಅವರ ಹಿರ್ಯಾರು ಹಂಗ ಇದ್ರಂತಬೇ."

"ನಿಮ್ಮಪ್ಪ ಇದ್ದಿಲ್ಲೇನು? ಕುರಿ ಹಿಂದ ಹೋದಲ್ಲೆಲ್ಲಾ ಗುಡಿಸಲ ಹಾಕ್ತಿದ್ದ. ನೀ ನೋಡೀದಿ. ಹಾಕಿಕೊಡು."

ಕೆಲಸ ಹೋದೀತೆಂಬ ಅಂಜಿಕೆಯಿಂದ ಮಗಳನ್ನು ಕೇಳಲೇ ಇಲ್ಲ. ಬೀದಿಯಲ್ಲಿ ಕಡಿದು ಹಾಕಿದ್ದ ಖರ್ಜೂರದ ಗರಿ ಹೊತ್ತು ತಂದೆ. ತೆರೆದ ಬಾಲ್ಕನಿಯಲ್ಲಿ ಕೋಲು ನಿಲ್ಲಿಸಿ, ಸುತ್ತ ಬಟ್ಟೆ ಕಟ್ಟಿ, ಒಂದು ಹನಿಯೂ ಇಳಿಯದ ಹಾಗೆ ಒತ್ತಾಗಿ ಗರಿ ಹೊದಿಸಿದೆ. ಗಾಲಿಕುರ್ಚಿಯಲ್ಲಿ ಬಂದ ಸಾವ್ತಾ ಮೇಲೆ ನೋಡಿದರು.

"ಆಕಾಶ ಎಲ್ಲಿ?"

"ಮಳೆ ಬಂದರೆ?"

"ಒಳಗೆ ಹೋಗೋಣ. ನಕ್ಷತ್ರ ಕಾಣಬೇಕಮ್ಮ."

ನಮ್ಮಲ್ಲಿ ಸೋರುವ ಗುಡಿಸಲೆಂದರೆ ಹಾಕಿದವನಿಗೆ ಅವಮಾನ. ಇಲ್ಲಿ ಅರ್ಧ ಗರಿ ನಾನೇ ಕಿತ್ತೆ.

ಹಬ್ಬದ ಸಂಜೆ ಮಗಳು ಬಂದರು. ಬಾಗಿಲಲ್ಲೇ ನಿಂತರು. ಸಾವ್ತಾ ರೊಟ್ಟಿಯನ್ನು ಜೇನಿಗೆ ಅದ್ದಿ ತಿನ್ನುತ್ತಿದ್ದರು. ಮಗಳು ಒಳಗಿಂದ ಒಂದು ಕುರ್ಚಿ ತಂದು ಅಮ್ಮನ ಪಕ್ಕ ಕೂತರು.

ಈ ಹಬ್ಬದಲ್ಲಿ ದಿನಕ್ಕೊಬ್ಬರಂತೆ ತೀರಿಹೋದ ಹಿರಿಯರನ್ನು ಹೆಸರು ಹಿಡಿದು ಊಟಕ್ಕೆ ಕರೆಯುತ್ತಾರೆ. ಮೊದಲ ದಿನ ಅಬ್ರಹಾಂ. ಗುಡಿಸಲು ಹಾಕುವಾಗ ಅಪ್ಪನ ಕುರಿಯ ಕಥೆ ಸಾವ್ತಾಗೆ ಹೇಳಿದ್ದೆ. "ಅವರೂ ಕುರಿ ಸಾಕಿದವರೇ," ಎಂದರು ಸಾವ್ತಾ. "ನಿನ್ನ ಅಪ್ಪನನ್ನೂ ಕರೆ."

ಹದಿನೈದು ದಿನದ ಹಿಂದೆ, ಹಿರಿಯರ ಅಮಾಸಿಗೆ ಅವ್ವ ಊರಲ್ಲಿ ಅಪ್ಪನಿಗೆ ಎಡೆಯಿಟ್ಟಾಗ ನಾನಿರಲಿಲ್ಲ. "ಬಾರಪ್ಪಾ, ಉಣ್ಣಾಕ ಬಾ" ಎಂದೆ. ಫೋನಿನಲ್ಲಿ ಮೆಲ್ಲಗೆ ಆಡಿದ್ದು ಬಿಟ್ಟರೆ, ಮೂರು ತಿಂಗಳಲ್ಲಿ ಆ ಮನೆಯಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಕನ್ನಡ ಅದು. ಅರ್ಥವಾಗದಿದ್ದರೂ ಸಾವ್ತಾ ಪಕ್ಕಕ್ಕೆ ಸರಿದು ಜಾಗ ಮಾಡಿದರು.

ಬೆಳಿಗ್ಗೆ ಸಾವ್ತಾ ಪ್ರಾರ್ಥನೆಗೆಂದು ಒಂದು ಎಳೆ ಗರಿಯ ಜೊತೆ ಎತ್ರೋಗ್ ಎಂಬ ಹಣ್ಣು ಹಿಡಿದು ದಿಕ್ಕುದಿಕ್ಕಿಗೂ ಅಲ್ಲಾಡಿಸಿ, ನನಗೂ ಮೂಸಲು ಕೊಟ್ಟರು. ನೋಡಿದರೆ ನಮ್ಮ ಮಾದಲದ ಹಣ್ಣೇ.

ಅದನ್ನೆಲ್ಲ ಅವ್ವನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಸೂಪು ಆರುತ್ತದೆಂದು ಸಾವ್ತಾ ಬಾಲ್ಕನಿಯಿಂದ ಕರೆದರು.

"ಮನ್ಯಾಗ ಉಣ್ಣಾಕ ಕಾಯಾಕತ್ತಾರಬೇ, ಆಮ್ಯಾಗ ಮಾಡ್ತೀನಿ," ಎಂದೆ.

"ಯಾ ಮನ್ಯಾಗ?" ಅಂದಳು ಅವ್ವ.